ಎಡಗೈಯ ಕೂಳೆ

ನಮ್ಮ ಭಾವನಿಗೆ ಊರವರು ಇಟ್ಟ ಹೆಸರು ಸ್ಕೇಲು. ಟ್ರ್ಯಾಕ್ಟರಿನಲ್ಲಿ ಊರಿನ ಹೊಲಗಳನ್ನೆಲ್ಲ ಬಾಡಿಗೆಗೆ ಉತ್ತು ಕೊಡುವುದು ಅವರ ಕಸುಬು. ಅವರು ಎಳೆದ ಸಾಲಿನ ಮೇಲೆ ದಾರ ಹಿಡಿದು ಪಂದ್ಯ ಕಟ್ಟಿ ಸೋತವರಿದ್ದಾರೆ. ಒಂದು ಸಲ ದಾರಕ್ಕೂ ಸಾಲಿಗೂ ಹೊಂದಲಿಲ್ಲವಂತೆ. ದಾರ ಸೊಟ್ಟಗಿದೆ ಎಂದು ತೀರ್ಮಾನಿಸಿ ಜನ ಮನೆಗೆ ಹೋದರಂತೆ.

ಸಾಲು ನೆಟ್ಟಗಿದ್ದರೆ ಮಾತ್ರ ಸಾಲದು, ಹೊಲವೂ ನುಣ್ಣಗಿರಬೇಕು ಎಂಬುದು ಭಾವನ ಸಿದ್ಧಾಂತ. “ಹೊಲ ಅಂದ್ರೆ ಈಗ ತಾನೆ ಕ್ಷೌರ ಮಾಡಿಸ್ಕೊಂಡು ಬಂದ ಮುಖದ ಹಾಗಿರ್ಬೇಕು ಕಣಯ್ಯಾ” ಎಂದು ನನ್ನ ಗಡ್ಡ ನೋಡಿಕೊಂಡು ಹೇಳುತ್ತಿದ್ದರು. ಉತ್ತ ಮೇಲೆ ಎಲ್ಲಾದರೂ ಒಂದು ಕಡ್ಡಿ ಎದ್ದು ನಿಂತಿದ್ದರೆ ಟ್ರ್ಯಾಕ್ಟರು ನಿಲ್ಲಿಸಿ, ಇಳಿದು, ಅದನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡು ಬರುವ ಮನುಷ್ಯ. ಅವರ ಅಂಗಿ ಒಗೆಯುವಾಗ ಅಕ್ಕ ಮೊದಲು ಜೇಬು ಕೊಡವುತ್ತಿದ್ದಳು.

ಅಂಥವರು ಒಂದು ವರ್ಷ ತಮ್ಮ ಮನೆಯ ಹಿಂದಿನ ಹೊಲವನ್ನೇ ಉಳದೆ ಬಿಟ್ಟರು. ಅದಕ್ಕಾಗಿ ಅವರಿಗೆ ಹೆಸರು ಬಂತು, ಹೊಲಕ್ಕೆ ಬೋರ್ಡು ಬಂತು. ಅದು ಹೇಗಾಯಿತು ಎಂದು ಸರಿಯಾಗಿ ಗೊತ್ತಿರುವವನು ನಾನೊಬ್ಬನೇ. ನನಗೋ ಬೇಸಾಯದ ಗಂಧಗಾಳಿಯಿಲ್ಲ. ಪಕ್ಕದ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಹೊಲಕ್ಕೂ ನನಗೂ ಇದ್ದ ಸಂಬಂಧ ಅಕ್ಕ ವರ್ಷಕ್ಕೊಮ್ಮೆ ಕಳಿಸುತ್ತಿದ್ದ ಕಡಲೆ ಚೀಲದಷ್ಟೇ.

ನಮ್ಮಮ್ಮನಿಗೆ ಇಬ್ಬರು ಮಕ್ಕಳು, ಇಬ್ಬರೂ ಎಡಚರು. ಜೊತೆಗೆ ಇಬ್ಬರಿಗೂ ಸೊಂಟ ನೋವು. ಬೇರೆ ಮನೆಗಳಲ್ಲಿ ಜಮೀನು, ಬಂಗಾರ ಬರುತ್ತದೆ. ನಮಗೆ ಬಂದ ಪಿತ್ರಾರ್ಜಿತ ಇದು. ನಾನು ಕುರ್ಚಿಯ ಕೆಲಸ ಹಿಡಿದು ಬಚಾವಾದೆ. ಅಕ್ಕ ಭಾವನ ಕೈಹಿಡಿದು ಹೊಲಕ್ಕೆ ಬಂದಳು. ಅಂಗಡಿಯಲ್ಲಿ ಸಿಗುವ ಕುಡುಗೋಲಿನ ಹಲ್ಲು ಬಲಗೈಯವರಿಗೆಂದೇ ಅರೆದದ್ದು. ಎಡಗೈಯಲ್ಲಿ ಹಿಡಿದರೆ ದಂಟಿನ ಮೇಲೆ ಜಾರುತ್ತದೆ. ಅಕ್ಕ ಕಮ್ಮಾರನ ಮುಂದೆ ಒಂದು ಮಧ್ಯಾಹ್ನವಿಡೀ ಕೂತು ಹಲ್ಲು ತಿರುವುಮುರುವಾದ ಒಂದು ಕುಡುಗೋಲು ಮಾಡಿಸಿಕೊಂಡಳು. “ಇದನ್ನ ಇನ್ಯಾರೂ ಎರವಲು ಕೇಳಲ್ಲ, ಅದೊಂದು ಲಾಭ” ಎನ್ನುತ್ತಿದ್ದಳು.

ಸುಗ್ಗಿಯಲ್ಲಿ ಭಾವ ಬೇರೆಯವರ ಹೊಲದಲ್ಲಿರುತ್ತಿದ್ದರು. ಹೀಗಾಗಿ ಸ್ವಂತ ಹೊಲದ ಕಟಾವು ಅಕ್ಕನ ಪಾಲಿಗೆ. ಮಳೆಗಾಲದಲ್ಲಿ ಮೆಕ್ಕೆಜೋಳ, ಅದು ಮುಗಿದ ಮೇಲೆ ಚಳಿಗೆ ಕಡಲೆ. ಮೆಕ್ಕೆಜೋಳದ ತೆನೆ ಮುರಿದಾದ ಮೇಲೆ ದಂಟನ್ನು ಬುಡಕ್ಕೆ ಕುಯ್ಯಬೇಕು, ಮೇವಿಗಾಗುತ್ತದೆ. ಅಕ್ಕನಿಗೆ ಬುಡದವರೆಗೆ ಬಗ್ಗಲಾಗುತ್ತಿರಲಿಲ್ಲ. ಮೊಣಕಾಲೆತ್ತರಕ್ಕೇ ಕುಯ್ದುಬಿಡುತ್ತಿದ್ದಳು. ಆಮೇಲೆ ಹೊಲದ ತುಂಬ ಅರ್ಧ ದಂಟುಗಳ ಕೂಳೆ, ಬಾಯಿ ಓರೆಯಾಗಿ ಕತ್ತರಿಸಿದ ಪೈಪುಗಳನ್ನು ನೆಟ್ಟ ಹಾಗೆ ನಿಂತಿರುತ್ತಿತ್ತು.

ಪಕ್ಕದ ಹೊಲದವನಿಗೆ ರೇಡಿಯೊ ಅಂತ ಹೆಸರು. ಬೆಳಿಗ್ಗೆ ಶುರುವಾದರೆ ಮಲಗುವವರೆಗೆ ನಿಲ್ಲುತ್ತಿರಲಿಲ್ಲ. ಅವನು ಬದುವಿನ ಮೇಲೆ ನಿಂತು, “ಏನ್ ಅಕ್ಕೋರೇ, ಅರ್ಧ ಮೇವು ಹೊಲದಲ್ಲೇ ಬಿಟ್ರಲ್ಲ! ದನ ನಿಂತ್ಕೊಂಡು ಊಟ ಮಾಡ್ಲಿ ಅಂತಲಾ?” ಎಂದು ಕೇಳುತ್ತಿದ್ದ.

“ಹೂಂ ಕಣಪ್ಪಾ, ನಿನ್ನ ಥರ ಕೂತ್ಕೊಂಡು ತಿನ್ನೋ ಅಭ್ಯಾಸ ಇಲ್ಲ ಅವಕ್ಕೆ” ಎನ್ನುತ್ತಿದ್ದಳು ಅಕ್ಕ.

ಆಮೇಲೆ ಭಾವ ಟ್ರ್ಯಾಕ್ಟರು ತಂದು, “ನಿನ್ನ ಕುಯ್ಲು ನನ್ನ ನೇಗಿಲಿಗೆ ಶತ್ರು” ಎಂದು ಗೊಣಗುತ್ತಾ ಅದನ್ನೆಲ್ಲ ಉತ್ತು, ಕಡ್ಡಿ ಆಯ್ದು ಸುಟ್ಟು, ನುಣ್ಣಗೆ ಕ್ಷೌರ ಮಾಡಿ ಕಡಲೆ ಬಿತ್ತುತ್ತಿದ್ದರು. ಹೀಗೇ ಅವರ ಸಂಸಾರ ನಡೆದಿತ್ತು. ಮಕ್ಕಳಾಗಲಿಲ್ಲ. ಟ್ರ್ಯಾಕ್ಟರೇ ಒಂದು ಮಗು, ಅದಕ್ಕೂ ಸ್ನಾನ ಮಾಡಿಸುತ್ತಿದ್ದವಳು ಅಕ್ಕನೇ.

ಆ ವರ್ಷವೂ ಕಟಾವಾಯಿತು. ಬಾವಿಯ ಕಡೆಯ ಕೆಲವು ಸಾಲು ಉಳಿದಿದ್ದವು; ಒಂದು ಸಂಜೆ ಬೇಗ ಮನೆಗೆ ಬಂದ ಭಾವ, “ನೀನು ಕೂತ್ಕೋ, ನಾನು ಮುಗಿಸ್ತೀನಿ” ಎಂದು ಅವನ್ನು ಕುಯ್ದರಂತೆ. ಮಾರನೆಯ ಬೆಳಿಗ್ಗೆ ಅಕ್ಕ ಒಲೆಯ ಮೇಲೆ ಹಾಲಿಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಳು. ಹಾಲು ಉಕ್ಕಿತು, ಇಂಗಿತು, ಸೀದಿತು. ಅವಳು ಏಳಲಿಲ್ಲ. ವಾಸನೆಗೆ ಬಂದು ನೋಡಿದವಳು ರೇಡಿಯೊನ ಹೆಂಡತಿ.

ಭಾವ ಯಾರದೋ ಹೊಲ ಉಳುತ್ತಿದ್ದರು. ರೇಡಿಯೊ ಸೈಕಲ್ಲು ತುಳಿದುಕೊಂಡು ಹೋಗಿ ಬದುವಿನಿಂದ ಕೂಗಿ ಹೇಳಿದ. ಭಾವ ಕೇಳಿಸಿಕೊಂಡರು, ತಲೆಯಾಡಿಸಿದರು, ಹಿಡಿದ ಸಾಲನ್ನು ತುದಿಯವರೆಗೆ ಮುಗಿಸಿ ಆಮೇಲೆ ಇಳಿದರಂತೆ. ಎಂಥ ಕಲ್ಲು ಮನಸ್ಸು ಅಂದವರೂ ಇದ್ದರು. ಅರ್ಧ ಸಾಲಿನಲ್ಲಿ ನಿಲ್ಲಿಸುವುದು ಹೇಗೆಂದು ಆ ಕೈಗಳಿಗೆ ಗೊತ್ತಿರಲಿಲ್ಲ, ಅಷ್ಟೇ.

ನನ್ನದೂ ಅದೇ ಕಥೆ. ಜನ ಬಂದು ನನ್ನ ಕೈ ಹಿಡಿದು ಅತ್ತರು. ನಾನು ಅವರ ಕನ್ನಡಕ ನೋಡುತ್ತಿದ್ದೆ. ಇವರದು ಮೂಗಿನಿಂದ ಜಾರುತ್ತಿದೆ, ಅವರದು ಎಡಗಿವಿಯ ಕಡ್ಡಿ ಸಡಿಲ. ಒಬ್ಬ ಮುದುಕರು ಬಿಕ್ಕಿ ಬಿಕ್ಕಿ ಅಳುವಾಗ, ಒಂದು ಗಾಜು ಬಿರುಕು ಬಿಟ್ಟಿದೆ, ಅಂಗಡಿಗೆ ಬನ್ನಿ ಅಂತ ಹೇಳಿಯೂಬಿಟ್ಟೆ. ಅವರು ಅಳು ನಿಲ್ಲಿಸಿ ನನ್ನನ್ನು ನೋಡಿದರು.

ಬಂದವರೆಲ್ಲ ಹೋದ ಮೇಲೆ ನಾನು ಅಂಗಡಿಗೆ ಬೀಗ ಹಾಕಿ ಭಾವನ ಜೊತೆ ಉಳಿದೆ. ಸೀದ ಹಾಲಿನ ಪಾತ್ರೆ ಬಚ್ಚಲ ಕಟ್ಟೆಯ ಮೇಲೆ ನೀರು ತುಂಬಿಸಿಕೊಂಡು ಕೂತಿತ್ತು. ಭಾವ ದಿನಾ ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು ತುಂಬಿ, ಅಲ್ಲೇ ಇಡುತ್ತಿದ್ದರು. ಉಜ್ಜುತ್ತಿರಲಿಲ್ಲ. “ನಾನು ಉಜ್ಜಲಾ ಭಾವ?” ಎಂದೆ. “ನೆನೀಲಿ” ಎಂದರು. ಅವರ ಗಡ್ಡವೂ ಬೆಳೆದಿತ್ತು.

ಕಡಲೆ ಬಿತ್ತುವ ಹೊತ್ತು ಬಂತು. ಊರಿನ ಹೊಲಗಳಲ್ಲೆಲ್ಲ ಟ್ರ್ಯಾಕ್ಟರಿನ ಸದ್ದು. ಭಾವ ಕೂಡ ಹೋಗಿ ಬೇರೆಯವರ ಹೊಲ ಉತ್ತು ಬರುತ್ತಿದ್ದರು. ತಮ್ಮ ಹೊಲದ ಕಡೆ ತಿರುಗಿಯೂ ನೋಡಲಿಲ್ಲ. ಮೆಕ್ಕೆಜೋಳದ ಕೂಳೆ ಹಾಗೇ ನಿಂತಿತ್ತು.

ಒಂದು ಬೆಳಿಗ್ಗೆ ಮನೆ ಹಿಂದೆ ಭರ್ರೆಂದು ಸದ್ದು. ಹೋಗಿ ನೋಡಿದರೆ ಟ್ರ್ಯಾಕ್ಟರುಗಳ ಮೆರವಣಿಗೆ, ಮುಂದಾಳು ರೇಡಿಯೊ. ಊರಿನ ಗಂಡಸರು ಸೇರಿ ತೀರ್ಮಾನಿಸಿದ್ದರು: ಸ್ಕೇಲಿಗೆ ಹೇಳುವ ಸಮಾಧಾನದ ಮಾತು ನಮ್ಮ ಹತ್ತಿರ ಇಲ್ಲ, ಹೊಲ ಉತ್ತು ಕೊಟ್ಟುಬಿಡೋಣ. ಆ ಜನಕ್ಕೆ ಸಂತಾಪ ಹೇಳಲು ಇನ್ನೊಂದು ದಾರಿ ಗೊತ್ತಿರಲಿಲ್ಲ. ನೇಗಿಲು ಇಳಿಸಿ ಹೊಲದ ಮೂಲೆಯಲ್ಲಿ ಸಿದ್ಧವಾಗಿ ನಿಂತಿದ್ದರು.

ಭಾವ ಬರಿಗಾಲಲ್ಲಿ ಓಡಿ ಹೋಗಿ ಮೊದಲ ಟ್ರ್ಯಾಕ್ಟರಿನ ಮುಂದೆ ನಿಂತರು.

“ಬೇಡ.”

“ಅಯ್ಯೋ, ಡೀಸೆಲ್ ನಮ್ದೇ ಸ್ಕೇಲಣ್ಣ. ನೀನು ಮನೇಲಿ ಕೂತಿರು, ಮಧ್ಯಾಹ್ನಕ್ಕೆ ಕನ್ನಡಿ ಥರ ಮಾಡ್ಕೊಡ್ತೀವಿ.”

“ಬೇಡ ಅಂದ್ನಲ್ಲ.”

“ಊರಿಗೆಲ್ಲ ಉಳೋನ ಹೊಲ ಹೀಗೆ ಬಿದ್ದಿದ್ರೆ ನಮಗೆ ನಾಚ್ಕೆ ಕಣಣ್ಣ! ಹಾಳು ಬಿಡ್ತೀಯಾ?”

ಟ್ರ್ಯಾಕ್ಟರು ನಿಂತಲ್ಲೇ ಗುಡುಗುತ್ತಿತ್ತು. ಭಾವ ರೇಡಿಯೊನ ಮುಖ ನೋಡುತ್ತಿರಲಿಲ್ಲ, ಕಾಲ ಹತ್ತಿರದ ಒಂದು ದಂಟನ್ನು ನೋಡುತ್ತಿದ್ದರು. ನಾನೂ ನೋಡಿದೆ. ಮೊಣಕಾಲೆತ್ತರದ ಕೂಳೆ, ಅದರ ಬಾಯಿ ಓರೆ. ಅದರ ಪಕ್ಕದ್ದೂ ಹಾಗೇ. ನಾವಿದ್ದ ಕಡೆಯ ಸಾಲುಗಳಲ್ಲೆಲ್ಲ ಒಂದೇ ಕಡೆಗೆ ಓರೆ, ಬಲಗೈಯವರು ಕುಯ್ದರೆ ಯಾವ ಕಡೆಗೆ ಇರುತ್ತದೋ ಅದರ ಎದುರು ಕಡೆಗೆ. ನಾನು ಪೆನ್ಸಿಲು ಕೆತ್ತಿದರೂ ಹಾಗೇ ಬರುತ್ತದೆ. ಅಕ್ಕ ಆ ವರ್ಷ ಎಲ್ಲೆಲ್ಲಿ ಬಗ್ಗಲಾರದೆ ನಿಂತಿದ್ದಳೋ ಅಲ್ಲಲ್ಲೇ ಒಂದೊಂದು ನಿಂತಿತ್ತು. ಉತ್ತರೆ ಮಧ್ಯಾಹ್ನದೊಳಗೆ ಎಲ್ಲ ಮಣ್ಣಿನಡಿಗೆ ಹೋಗುತ್ತಿತ್ತು.

ಇದನ್ನು ಆ ಗಂಡಸರಿಗೆ ಹೇಳುವುದು ಹೇಗೆ? ಭಾವನಂತೂ ಹೇಳುವ ಪೈಕಿಯಲ್ಲ. ಅವರು ಅಂದದ್ದು ಇಷ್ಟು:

“ಈ ಸಲ ಉಳದೇ ಬಿತ್ತೋದು. ಹೊಸ ಪದ್ಧತಿ. ಕೂಳೆ ನಿಂತಿರ್ಬೇಕಂತೆ. ಕೃಷಿ ಇಲಾಖೆ ವ್ಯಾನಲ್ಲಿ ಕೂಗ್ಕೊಂಡು ಹೋಗ್ಲಿಲ್ವಾ?”

ವ್ಯಾನು ಕೂಗಿಕೊಂಡು ಹೋದದ್ದು ನಿಜ. ಆವತ್ತು, “ಉಳಬೇಡಿ ಅನ್ನೋಕೆ ಡೀಸೆಲ್ ಸುಟ್ಕೊಂಡು ಬರ್ತಾರೆ ನೋಡು” ಎಂದು ನಕ್ಕವರೂ ಭಾವನೇ.

ರೇಡಿಯೊ ಬಾಯಿ ತೆರೆದ, ಮುಚ್ಚಿದ. ಅವನ ಜೀವನದಲ್ಲಿ ಕಾರ್ಯಕ್ರಮ ನಿಂತದ್ದು ಅದೇ ಮೊದಲು. ಟ್ರ್ಯಾಕ್ಟರುಗಳು ನೇಗಿಲು ಎತ್ತಿಕೊಂಡು ಬಂದ ದಾರಿಯಲ್ಲೇ ವಾಪಸು ಹೋದವು.

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳಿದರೆ ಹೀಗೇ, ಪೂರ್ತಿ ಅನುಭವಿಸಬೇಕಾಗುತ್ತದೆ. ಸುದ್ದಿ ಕೃಷಿ ಕಚೇರಿಗೆ ಮುಟ್ಟಿತು. ಅಲ್ಲಿನ ಅಧಿಕಾರಿ ಸ್ಕೂಟರಿನಲ್ಲಿ ಬಂದಿಳಿದರು. ಸಣ್ಣ ವಯಸ್ಸಿನ ಹೆಣ್ಣುಮಗಳು, ಹೆಲ್ಮೆಟ್ಟು ತೆಗೆಯುವ ಮೊದಲೇ ಮಾತು ಶುರು.

“ಯಜಮಾನ್ರೇ, ನಾನು ಬಂದಾಗಿನಿಂದ ಬಡ್ಕೋತಾ ಇದ್ದೀನಿ, ಈ ಊರಲ್ಲಿ ಒಬ್ರೂ ಒಂದು ಸಾಲೂ ಉಳದೆ ಬಿಡ್ಲಿಲ್ಲ. ಈಗ ಊರಿಗೇ ಉಳೋರು ನೀವೇ ಬಿಟ್ರಿ ಅಂದ್ರೆ! ನನಗೆ ನಂಬೋಕೇ ಆಗ್ಲಿಲ್ಲ.”

“ಹೂಂ” ಎಂದರು ಭಾವ.

ಆಕೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ವಿವರಿಸಿದರು. ಚೆನ್ನಾಗಿ ಹೇಳಿದರು, ನನಗೇ ಅರ್ಥವಾಯಿತು ಅಂದರೆ ನೋಡಿ. ಕಡಲೆ ಅಂದರೆ ಮಳೆ ಹೋದ ಮೇಲೆ ಮಣ್ಣಲ್ಲಿ ಉಳಿದ ತೇವದಲ್ಲೇ ಬದುಕುವ ಬೆಳೆ. ಆಮೇಲೆ ಅದಕ್ಕೆ ಮೇಲಿಂದ ಒಂದು ಹನಿಯೂ ಸಿಗುವ ಭರವಸೆಯಿಲ್ಲ. ಒಂದೊಂದು ಸಲ ಉತ್ತಾಗಲೂ ಅಡಿಯ ಹಸಿ ಮಣ್ಣನ್ನು ಬಿಸಿಲಿಗೆ ಹರವಿ ಒಣಗಿಸಿದ ಹಾಗೆ. ಹಿಂದಿನ ಬೆಳೆಯ ಕಡ್ಡಿ, ಒಣ ಎಲೆಯ ರವದಿ ಮೇಲೆ ಹೊದಿಕೆಯ ಹಾಗೆ ಬಿದ್ದಿದ್ದರೆ ತೇವ ನಿಲ್ಲುತ್ತದೆ, ಮಣ್ಣು ಕೊಚ್ಚಿ ಹೋಗುವುದಿಲ್ಲ, ಎರೆಹುಳು ಬರುತ್ತದೆ. ಸುಟ್ಟರೆ ಬೂದಿ ಮಾತ್ರ.

“ಹೂಂ” ಎಂದರು ಭಾವ, ಪ್ರತಿ ವಾಕ್ಯಕ್ಕೂ. ಆಳವಾಗಿ ಯೋಚಿಸುವ ರೈತ ಎಂದು ಆಕೆಗೆ ಅನ್ನಿಸಿರಬೇಕು.

“ನಿಮ್ಮದನ್ನ ಮಾದರಿ ತಾಕು ಮಾಡೋಣ. ಬೋರ್ಡ್ ಹಾಕಿಸ್ತೀನಿ.”

“ಹೂಂ.”

“ಬೀಜಕ್ಕೆ ಹಚ್ಚೋ ಜೀವಾಣು ಪುಡಿ ಕೊಡ್ತೀನಿ. ಬೇರಲ್ಲಿ ಗಂಟು ಚೆನ್ನಾಗಿ ಕಟ್ಟುತ್ತೆ, ಆ ಗಂಟೇ ಮಣ್ಣಿಗೆ ಗೊಬ್ಬರ.”

“ಹೂಂ.”

“ಒಂದೇ ಒಂದು ತೊಂದರೆ ಅಂದ್ರೆ, ಕೂಳೆ ತೀರಾ ಎತ್ತರ ಇದೆ. ನಮ್ಮ ಹತ್ರ ಕತ್ತರಿಸೋ ಯಂತ್ರ ಇದೆ, ನಿಂತಿರೋದನ್ನ ಪುಡಿ ಮಾಡಿ ಸಮವಾಗಿ ಹರಡಿಬಿಡುತ್ತೆ. ನಾಳೆ ಕಳಿಸ್ಲಾ?”

“ಹೂಂ.”

ಸ್ಕೂಟರು ತಿರುವಿನಲ್ಲಿ ಮರೆಯಾಯಿತು. ಭಾವ ನನ್ನ ಕಡೆ ತಿರುಗಿದರು.

“ಕೊನೇಗೆ ನಾನು ಯಾತಕ್ಕೆ ಹೂಂ ಅಂದೆ?”

ಹೇಳಿದೆ.

“ಓ” ಎಂದರು. ಎದ್ದು ಒಳಗೆ ಹೋಗಿ ಪಾತ್ರೆಯ ನೀರು ಬದಲಾಯಿಸಿದರು. ಆ ದಿನ ಅದು ಎರಡನೆಯ ಸಲ.

ಮಾರನೆಯ ದಿನ ಮೊದಲು ಬೋರ್ಡು ಬಂತು, ಹಿಂದೆಯೇ ಯಂತ್ರ. ಹಸಿರು ತಗಡಿನ ಮೇಲೆ ಬಿಳಿ ಅಕ್ಷರ: ‘ಉಳುಮೆಯಿಲ್ಲದ ಕಡಲೆ ಬೇಸಾಯ. ಬೆಳೆಯ ಉಳಿಕೆ ಮಣ್ಣಿಗೇ ಸೇರಲಿ.’ ಯಂತ್ರವೆಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಒಂದು ಅಗಲವಾದ ಕಬ್ಬಿಣದ ಪೆಟ್ಟಿಗೆ, ಒಳಗೆಲ್ಲ ಕತ್ತಿ. ನೋಡಲು ರೇಡಿಯೊ ಸಮೇತ ಊರೇ ಬಂದಿತ್ತು.

ಭಾವ ಹೊಲದ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದರು, ಬಸ್ಸು ಕಾಯುವವರ ಹಾಗೆ. ಬೇಡ ಅನ್ನಲು ಇದ್ದ ಒಂದೇ ಒಂದು ಸುಳ್ಳನ್ನು ಹಿಂದೆಯೇ ಖರ್ಚು ಮಾಡಿಕೊಂಡಿದ್ದರು. ಇನ್ನು ನಾನೇ ಏನಾದರೂ ಮಾಡಬೇಕು. ಕಣ್ಣು ಪರೀಕ್ಷೆಯ ಚಾರ್ಟು ಬಿಟ್ಟು ಬೇರೇನನ್ನೂ ಜನರಿಗೆ ಓದಿ ಹೇಳಿದವನಲ್ಲ ನಾನು. ಆದರೂ ಮುಂದೆ ಹೋದೆ.

“ಮೇಡಮ್, ಕೂಳೆ ನಿಂತೇ ಇದ್ರೆ ಒಳ್ಳೇದಲ್ವಾ?”

“ಯಾಕೆ ಸರ್?”

ಯಾಕೆ! ಅದನ್ನು ಯೋಚಿಸಿರಲಿಲ್ಲ. “ಅದೂ... ಕಡಲೆ ಗಿಡ ಅದರ ಮಧ್ಯೆ ಸಿಕ್ಕಾಕ್ಕೊಂಡಿರುತ್ತಲ್ಲ, ಬೆಳಕು ನೋಡೋಕೆ ಕತ್ತು ಎತ್ತುತ್ತೆ. ಸಿನಿಮಾ ಥಿಯೇಟರಲ್ಲಿ ಎತ್ತರದೋರ ಹಿಂದೆ ಕೂತ ಹಾಗೆ. ಎತ್ತರ ಬೆಳೆಯುತ್ತೆ.”

ರೇಡಿಯೊ ಹೋ ಎಂದು ನಕ್ಕ. “ನೋಡ್ರಪ್ಪಾ, ಕಡಲೆ ಗಿಡಕ್ಕೂ ಕನ್ನಡಕ ಹಾಕೋಕೆ ಬಂದಿದ್ದಾರೆ!”

ಅಧಿಕಾರಿ ಮಾತ್ರ ನಗಲಿಲ್ಲ. “ನೀವು ಹೇಳೋದರಲ್ಲಿ ಅರ್ಥ ಇದೆ ಸರ್. ನಿಂತ ಕೂಳೆಯಲ್ಲಿ ಗಿಡ ಉದ್ದ ಆಗುತ್ತೆ ಅಂತ ನಾವು ಓದಿದ್ದೀವಿ. ಸರಿ, ಎರಡೂ ಮಾಡಿ ನೋಡೋಣ. ಒಂದು ಭಾಗ ಕತ್ತರಿಸೋದು, ಒಂದು ಭಾಗ ನಿಲ್ಲಿಸೋದು. ಯಜಮಾನ್ರೇ, ಯಾವ ಕಡೆ ಕತ್ತರಿಸ್ಲಿ?”

ಈಗ ಎಲ್ಲರೂ ಭಾವನನ್ನು ನೋಡಿದರು. ಭಾವ ಹೊಲಕ್ಕಿಳಿದರು. ಅಂಚಿನುದ್ದಕ್ಕೂ ನಡೆದು ಬಾವಿಯ ಕಡೆಗೆ ಹೋದರು. ಅಲ್ಲಿ ಬಗ್ಗಿ ಒಂದು ಕೂಳೆಯ ಬಾಯಿ ಮುಟ್ಟಿ ನೋಡಿದರು, ಇನ್ನೊಂದನ್ನು ಮುಟ್ಟಿದರು. ಅವೂ ಎತ್ತರಕ್ಕೇ ಇದ್ದವು. ಅಕ್ಕನ ಸಾಲಿಗೆ ಹೊಂದಲೆಂದು ಭಾವ ಅಷ್ಟೇ ಎತ್ತರಕ್ಕೆ ಕುಯ್ದಿದ್ದರೋ, ಸಂಜೆಯ ಆಯಾಸವೋ, ನನಗೆ ಗೊತ್ತಿಲ್ಲ. ಓರೆ ಮಾತ್ರ ಎದುರು ಕಡೆಗಿತ್ತು.

“ಇಲ್ಲಿಂದ ಬಾವಿವರೆಗೆ ಕತ್ತರಿಸಿ” ಎಂದರು. “ಇದು ನಾನು ಕುಯ್ದಿದ್ದು. ಹೋಗ್ಲಿ.”

“ಇಷ್ಟೇನಾ? ಇದು ತುಂಬಾ ಕಮ್ಮಿ ಆಯ್ತಲ್ಲ. ಉಳಿದದ್ದು...” ಎಂದು ಶುರು ಮಾಡಿದ ಅಧಿಕಾರಿ ಅಲ್ಲೇ ನಿಂತರು. ಬಾವಿಯ ಕಡೆಯ ಒಂದು ಕೂಳೆ ನೋಡಿದರು, ಈ ಕಡೆಯ ಒಂದನ್ನು ನೋಡಿದರು. ಭಾವನ ಗಡ್ಡ ನೋಡಿದರು. ಮನೆಯಲ್ಲಿ ಯಾರು ತೀರಿಕೊಂಡಿದ್ದಾರೆಂದು ಯಾರೋ ಹೇಳಿರಲೇಬೇಕು. ಆಕೆ ಯಂತ್ರದವನ ಕಡೆ ತಿರುಗಿ, “ಬಾವಿ ಕಡೆ ಮಾತ್ರ ಹೊಡೀರಿ. ಪ್ರಯೋಗಕ್ಕೆ ಅಷ್ಟು ಸಾಕು” ಎಂದರು.

ಭಾವ ಕುಯ್ದ ಸಾಲುಗಳು ಭರಭರನೆ ಪುಡಿಯಾಗಿ ನೆಲಕ್ಕೆ ಬಿದ್ದವು. ಭಾವ ನೋಡಿದರು, ಬೇರೆಯವರ ಬಟ್ಟೆ ಒಗೆಯುವುದನ್ನು ನೋಡಿದ ಹಾಗೆ.

ಬಿತ್ತನೆಗೆ ಇಲಾಖೆಯ ಕೂರಿಗೆ ಯಂತ್ರ ಕೊಡುತ್ತೇವೆ ಎಂದರು ಅಧಿಕಾರಿ. ಚಕ್ರ ಹತ್ತಿದರೆ ಕೂಳೆ ಮುರಿಯುತ್ತದೆ. ಭಾವ ಬೇಡವೆಂದರು. ಬಾವಿಯ ಕಡೆಗೆ ಮಾತ್ರ ಯಂತ್ರ, ಮಿಕ್ಕದ್ದೆಲ್ಲ ಕೈಯಲ್ಲಿ. ಕೈಯಲ್ಲಿ ಅಂದರೆ ಯಾರ ಕೈ? ಭಾವ ಚೂಪು ಮೂತಿಯ ಕಬ್ಬಿಣದ ಸಲಾಕೆಯಿಂದ ಕೂಳೆಗಳ ಮಧ್ಯೆ ತೂತು ಮಾಡುತ್ತಾ ಮುಂದೆ ಹೋಗುವುದು, ನಾನು ಹಿಂದಿನಿಂದ ಎರಡೆರಡು ಕಡಲೆ ಹಾಕಿ ಕಾಲಲ್ಲಿ ಮಣ್ಣು ಮುಚ್ಚುವುದು. ಕಡಲೆಗೆ ಬೆಲ್ಲದ ನೀರಿನಲ್ಲಿ ಜೀವಾಣು ಪುಡಿ ಕಲಸಿ, ಹಚ್ಚಿ, ನೆರಳಲ್ಲಿ ಒಣಗಿಸಿದ್ದರು. ಬೆರಳೆಲ್ಲ ಅಂಟು, ಇರುವೆಗಳಿಗೆ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ.

ಮೊದಲ ಸಾಲು ಮುಗಿಯುವಷ್ಟರಲ್ಲಿ ನನ್ನ ಪಿತ್ರಾರ್ಜಿತ ಎಚ್ಚರವಾಯಿತು. ಬಗ್ಗಿದವನು ಏಳಲಾರೆ, ಎದ್ದವನು ಬಗ್ಗಲಾರೆ. ಕೊನೆಗೆ ನಿಂತೇ ಕಡಲೆಯನ್ನು ತೂತಿಗೆ ಗುರಿಯಿಟ್ಟು ಎಸೆಯತೊಡಗಿದೆ.

“ಕೇರಂ ಆಡ್ತಿದೀಯಾ?” ಎಂದರು ಭಾವ, ತಿರುಗಿ ನೋಡದೆ.

“ಸೊಂಟ ಭಾವ.”

ಅವರು ಸಲಾಕೆ ನಿಲ್ಲಿಸಿದರು. ಮತ್ತೆ ತೂತು ಮಾಡತೊಡಗಿದರು, ಆದರೆ ಒಂದು ತೂತಿಗೂ ಇನ್ನೊಂದಕ್ಕೂ ನಡುವೆ ಸ್ವಲ್ಪ ನಿಧಾನ.

ಆಮೇಲೆ ನಾನು ಅಂಗಡಿ ತೆರೆದೆ. ವಾರದ ರಜೆಗೆ ಮಾತ್ರ ಬಸ್ಸು ಹತ್ತಿ ಬರುತ್ತಿದ್ದೆ. ಬಂದಾಗೆಲ್ಲ ಮನೆ ಹಾಗೇ ಇರುತ್ತಿತ್ತು: ಬಚ್ಚಲ ಕಟ್ಟೆಯ ಮೇಲೆ ಪಾತ್ರೆ, ಗೂಡಿನಲ್ಲಿ ಅಕ್ಕನ ಕುಡುಗೋಲು, ಕುರ್ಚಿಯಲ್ಲಿ ಭಾವ. ನಾನು ಅಡುಗೆ ಮಾಡಿ ಬಡಿಸುತ್ತಿದ್ದೆ. ಒಂದು ಸಲ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ, ಇನ್ನೊಂದು ದಿನ ಎರಡು ಸಲ ಹಾಕಿದೆ. ಎರಡೂ ದಿನ ಅವರು ಅಷ್ಟೇ ಉಂಡರು. ನನಗೂ ಗೊತ್ತಾದದ್ದು ಆಮೇಲೆ ಪಾತ್ರೆ ತೊಳೆಯುವಾಗ, ತಳದ ಸಾರನ್ನು ನಾಲಿಗೆಗೆ ಹಚ್ಚಿ ನೋಡಿದಾಗ.

ಕಡಲೆ ಮೊಳೆಯಿತು. ಬೂದು ಬಣ್ಣದ ಕೂಳೆಗಳ ಮಧ್ಯೆ ಹಸಿರು ಕಾಣಿಸಿತು. ರೇಡಿಯೊನ ಹೊಲ ಪಕ್ಕದಲ್ಲಿ ಇಸ್ತ್ರಿ ಮಾಡಿದ ಹಾಗೆ ನುಣ್ಣಗಿತ್ತು. ಅದನ್ನು ಉತ್ತು ಕೊಟ್ಟವರು ಭಾವನೇ.

“ಏನಣ್ಣ, ಇಲಿಗಳಿಗೆ ಲಾಡ್ಜ್ ಕಟ್ಟಿಸಿದ ಹಾಗಿದೆ ನಿನ್ನ ಹೊಲ! ರೂಮ್ ಬಾಡಿಗೆ ಎಷ್ಟು?” ಎಂದ ರೇಡಿಯೊ.

ಅಕ್ಕನಿದ್ದಿದ್ದರೆ ಅದಕ್ಕೊಂದು ಸರಿಯಾದ ಉತ್ತರ ಬೀಳುತ್ತಿತ್ತು. ರೇಡಿಯೊ ಕೂಡ ಒಂದು ಕ್ಷಣ ಬದುವಿನ ಮೇಲೆ ಕಾದು ನಿಂತಿದ್ದ. ಯಾವ ಉತ್ತರವೂ ಬರದಿದ್ದಾಗ ತಲೆ ಕೆರೆದುಕೊಂಡು ಹೋದ.

ಚಳಿಗಾಲದ ನಡುವೆ ನೆಲ ಒಣಗಿತು. ರೇಡಿಯೊನ ಇಸ್ತ್ರಿ ಹೊಲ ಬಿರುಕು ಬಿಟ್ಟಿತು. ಅಧಿಕಾರಿ ಬಂದು ಭಾವನ ಹೊಲದಲ್ಲಿ ರವದಿ ಸರಿಸಿ ಬೆರಳು ತೂರಿಸಿ, “ನೋಡಿ ಯಜಮಾನ್ರೇ, ತೇವ!” ಎಂದರು. ಭಾವ ತಾವೂ ಬೆರಳು ತೂರಿಸಿ ನೋಡಿ “ಹೂಂ” ಎಂದರು. ಆಕೆ ಗಿಡ ಕೀಳದೆ ಒಂದರ ಬುಡ ಬಿಡಿಸಿ ಬೇರಿನ ಗಂಟು ತೋರಿಸಿದರು. “ಹೂಂ.”

ಇಲಾಖೆಯವರು ಸುತ್ತಲ ಊರಿನ ರೈತರನ್ನು ಕರೆಸಿ ಹೊಲದಲ್ಲೇ ಒಂದು ಸಭೆ ಮಾಡಿದರು. ಮೈಕು ಕಟ್ಟಿ ಭಾವನ ಕೈಗೆ ಕೊಟ್ಟರು. ಭಾವ ಮೈಕನ್ನು ಟ್ರ್ಯಾಕ್ಟರಿನ ಗೇರು ಹಿಡಿದ ಹಾಗೆ ಹಿಡಿದರು.

“ನಾನು ಉಳಲಿಲ್ಲ. ಅಷ್ಟೇ.”

ಚಪ್ಪಾಳೆ ಬಿತ್ತು. ಭಾಷಣ ಚಿಕ್ಕದಾಗಿದ್ದರೆ ಜನಕ್ಕೆ ಎಷ್ಟು ಖುಷಿ! ಆದರೆ ಹಿಂದಿನ ಸಾಲಿನಿಂದ ಒಬ್ಬರು, “ಯಾಕೆ ಉಳಲಿಲ್ಲ, ಅದನ್ನ ಹೇಳಿ” ಎಂದರು.

ಮೈಕಿನಲ್ಲಿ ಭಾವನ ಉಸಿರು ಮಾತ್ರ ಕೇಳುತ್ತಿತ್ತು. ಅಧಿಕಾರಿ ತಮ್ಮ ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು.

“ಮನಸ್ಸಾಗ್ಲಿಲ್ಲ” ಎಂದರು ಭಾವ.

ಎಲ್ಲರೂ ನಕ್ಕರು. ತಮಾಷೆಯ ಮನುಷ್ಯ ಅಂದುಕೊಂಡರು. ಅಧಿಕಾರಿ ನಗಲಿಲ್ಲ, ಮೈಕು ತೆಗೆದುಕೊಂಡು ಮಣ್ಣಿನ ತೇವದ ವಿಷಯಕ್ಕೆ ಹೋದರು. ಸಭೆ ಮುಗಿದ ಮೇಲೆ ಭಾವನ ಹಳೆಯ ಗಿರಾಕಿಗಳು ಬಂದು, “ನೀವೇ ಹೀಗೆ ಹೇಳಿದ ಮೇಲೆ ಮುಂದಿನ ವರ್ಷ ನಮ್ಮದೂ ಉಳೋದು ಬೇಡ ಬಿಡಿ” ಎಂದರು. ಅದಕ್ಕೂ ಭಾವ “ಹೂಂ” ಎಂದರು. ತನ್ನ ಕಸುಬಿಗೆ ತಾನೇ ಬೀಗ ಹಾಕಿ ಇಷ್ಟು ಮರ್ಯಾದೆಯಿಂದ ಕೀಲಿ ಕೊಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಕಟಾವಿಗೆ ನನಗೆ ಕರೆ ಬಂತು. ಕಡಲೆಯನ್ನು ಬೆಳಿಗ್ಗೆ ಇಬ್ಬನಿ ಇರುವಾಗಲೇ ಕುಯ್ಯಬೇಕು, ಬಿಸಿಲೇರಿದರೆ ಕಾಯಿ ಉದುರುತ್ತದೆ. ಪ್ಯಾಂಟು ಮಡಿಸಿಕೊಂಡು ಹೊಲಕ್ಕಿಳಿದೆ. ಗಿಡದ ಹುಳಿ ಕಾಲಿಗೆಲ್ಲ ಹತ್ತಿ ಚುರುಚುರು ಅಂದಿತು. ವಾಡಿಕೆಯಲ್ಲಿ ಗಿಡವನ್ನು ಬೇರು ಸಮೇತ ಕೀಳುತ್ತಾರೆ. ಬೇರಿನ ಗಂಟು ಮಣ್ಣಲ್ಲೇ ಉಳಿಯಲಿ, ಕುಯ್ಯಿರಿ ಎಂದು ಅಧಿಕಾರಿ ಹೇಳಿದ್ದರು.

ಭಾವ ಎರಡು ಕುಡುಗೋಲು ತಂದಿದ್ದರು. ಒಂದನ್ನು ನನ್ನ ಕೈಗಿಟ್ಟರು. ಅಕ್ಕನದು. ಹಿಡಿ ಎಡ ಅಂಗೈಗೆ ಸವೆದು ನುಣ್ಣಗಾಗಿತ್ತು.

“ನಾನು ಹಿಡಿದು ನೋಡ್ದೆ. ನನ್ನ ಕೈಗೆ ಜಾರುತ್ತೆ” ಎಂದರು.

ಕುಯ್ಯಲು ಶುರು ಮಾಡಿದೆ. ಬಾವಿಯ ಕಡೆ, ಕೂಳೆ ಪುಡಿ ಮಾಡಿದ ಭಾಗದಲ್ಲಿ, ಫಸಲು ಚೆನ್ನಾಗೇ ಬಂದಿತ್ತು. ಆದರೆ ಗಿಡ ಗಿಡ್ಡ, ಕಾಯಿ ನೆಲದ ಹತ್ತಿರ. ಎರಡು ಹಿಡಿ ಕುಯ್ಯುವುದರೊಳಗೆ ನನ್ನ ಸೊಂಟ ಅಯ್ಯೋ ಅಂದಿತು. ನಿಂತ ಕೂಳೆಯ ಭಾಗಕ್ಕೆ ಬಂದೆ. ಅಲ್ಲಿ ಗಿಡಗಳು ದಂಟಿಗೆ ಒರಗಿಕೊಂಡು ಎತ್ತರಕ್ಕೆ ಎದ್ದಿದ್ದವು. ಅಡಿಯ ಕಾಯಿಯೂ ನೆಲದಿಂದ ಸಾಕಷ್ಟು ಮೇಲೆ. ಯಂತ್ರ ಬಂದ ದಿನ ಬಾಯಿಗೆ ಬಂದದ್ದು ಹೇಳಿದ್ದೆ, ಈ ಗಿಡಗಳು ಅದನ್ನು ನಂಬಿಬಿಟ್ಟಿದ್ದವು.

“ಅಷ್ಟೊಂದು ಬಗ್ಗಬೇಡ” ಎಂದರು ಭಾವ ಪಕ್ಕದ ಸಾಲಿನಿಂದ. “ಕಾಯಿ ಮೇಲಿದೆಯಲ್ಲ. ಸ್ವಲ್ಪ ಮೇಲೇ ಕುಯ್ಯಿ.”

ಬಗ್ಗದೆ ಕುಯ್ದೆ. ಹೊತ್ತು ಏರಿತು. ತಲೆಯೆತ್ತಿ ನೋಡಿದಾಗ ಭಾವ ಕುಯ್ಯುವುದು ನಿಲ್ಲಿಸಿದ್ದರು. ಹತ್ತಿರದ ಮೆಕ್ಕೆಜೋಳದ ಕೂಳೆಯೊಂದನ್ನು ಬೆರಳಿನಿಂದ ಮುಟ್ಟಿದ್ದರು. ಅದು ತುಂಡಾಗಿ ಕೈಗೇ ಬಂತು. ಒಳಗೆಲ್ಲ ಗೆದ್ದಲು ತಿಂದು ಟೊಳ್ಳು. ಓರೆ ಬಾಯಿ ಹರಿದ ಕಾಗದದ ಅಂಚಿನ ಹಾಗಾಗಿತ್ತು, ಯಾವ ಕೈ ಕುಯ್ದದ್ದೆಂದು ಇನ್ನು ಯಾರೂ ಹೇಳುವಂತಿರಲಿಲ್ಲ. ಪಕ್ಕದ್ದನ್ನು ಮುಟ್ಟಿದರು. ಅದೂ ಮುರಿಯಿತು.

ಅವರು ತುಂಡನ್ನು ಜೇಬಿನಲ್ಲಿಡುತ್ತಾರೆ ಅಂದುಕೊಂಡೆ. ನೆಲಕ್ಕೆ ಹಾಕಿದರು.

“ಎಲ್ಲ ಹೋಯ್ತಲ್ಲ ಭಾವ” ಎಂದೆ. ಇಷ್ಟು ದಿನಗಳಲ್ಲಿ ಆ ವಿಷಯ ನಮ್ಮಿಬ್ಬರ ಬಾಯಿಗೆ ಬಂದದ್ದು ಅಷ್ಟೇ.

“ಹೋಗ್ಲಿ. ಮಣ್ಣಿಗೇ ಸೇರ್ಲಿ ಅಂತ ಬೋರ್ಡಲ್ಲಿ ಬರೆದಿದ್ದಾರಲ್ಲ” ಎಂದರು.

ಆಮೇಲೆ ನಾನು ಕುಯ್ದ ಸಾಲಿನ ಗುಂಟ ಹಿಂದಕ್ಕೆ ನಡೆದು ಹೋದರು. ಕಡಲೆಯ ಕಡ್ಡಿಗಳ ಸಣ್ಣ ಸಣ್ಣ ಓರೆ ಬಾಯಿಗಳನ್ನು ನೋಡುತ್ತಾ, ಒಂದು ಕಡೆ ಕುಕ್ಕರುಗಾಲಲ್ಲಿ ಕೂತರು.

“ಏನು ಭಾವ?”

“ಏನಿಲ್ಲ. ಸಾಲು ಸೊಟ್ಟ ಹೋಗಿದೆ.”

ಎದ್ದು ಬಂದರು. ಕುಡುಗೋಲು ಎತ್ತಿಕೊಂಡರು. ಸ್ವಲ್ಪ ಮುಂದೆ ಹೋಗಿ, ನನಗೆ ಬೆನ್ನು ಮಾಡಿಕೊಂಡೇ ಹೇಳಿದರು:

“ಮುಂದಿನ ಸಲ ಮೆಕ್ಕೆಜೋಳ ಕುಯ್ಯೋಕೂ ಬಾ.”

“ದಂಟು ಕುಯ್ಯೋದಾ? ನನ್ನ ಕೈಲೆಲ್ಲಿ ಆಗುತ್ತೆ ಭಾವ! ಬುಡದವರೆಗೆ ಬಗ್ಗೋಕೇ ಆಗಲ್ಲ ನನಗೆ, ಸೊಂಟ ನೋವು.”

“ಗೊತ್ತು” ಎಂದರು ಭಾವ. “ಅದಕ್ಕೇ ಕರೀತಿರೋದು.”